ಚೀಟಿಯಲ್ಲಿ ಇಲ್ಲದ ಬೆಲ್ಲ

ಗೆಳೆಯರೇ, ಮೈ ಉರಿಯುತ್ತಿದೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ತಿಂಗಳಾದರೂ ಮಾಯ್ದಿಲ್ಲ. ಇವತ್ತು ಗಾಯದ ಪಟ್ಟಿ ಬದಲಿಸಲು ಹೋದರೆ ಅವರು ಕಾಚಿಗೂಡದಲ್ಲಿರುವ ನನ್ನ ಚಿಕ್ಕಮ್ಮ, ಅಂದರೆ ಕಾಕು, ಕಳಿಸಿದ ಡಬ್ಬಿಯಿಂದ ಮೂರನೆಯ ಹೋಳಿಗೆ ತಿನ್ನುತ್ತಿದ್ದರು. ಡಬ್ಬಿ ಕಸಿದುಕೊಂಡೆ.

“ನಿಮ್ಮ ಕಾಕು ಸಕ್ಕರಿ ಒಂದು ಹರಳೂ ಹಾಕಿಲ್ಲ. ಎಲ್ಲಾ ಬೆಲ್ಲಾನ ಐತಿ,” ಎಂದರು.

“ಎರಡೂ ಒಂದ ಅಲ್ಲೇನ್ರಿ ಅಪ್ಪಾ? ಕಾಲು ಕಳಕೋತೀರೇನು?”

ಅಪ್ಪ ಮೂವತ್ತು ವರ್ಷ ಸರ್ಕಾರಿ ಕಡತ ನೋಡಿ ನಿವೃತ್ತರಾದವರು. ತಣ್ಣಗೆ ಹೇಳಿದರು: “ಡಾಕ್ಟರ್ ಚೀಟಿ ನೋಡು. ನೋ ಶುಗರ್ ಅಂತ ಬರದಾರ. ಬೆಲ್ಲದ ಸುದ್ದೀನ ಇಲ್ಲ.”

ಸಿಟ್ಟಿನಲ್ಲಿ ಪೆನ್ನು ತೆಗೆದು ಚೀಟಿಯ ಕೆಳಗೆ ದೊಡ್ಡದಾಗಿ ‘ಬೆಲ್ಲವೂ ಬೇಡ’ ಎಂದು ಬರೆದೆ. ಅಪ್ಪ ಕನ್ನಡಕ ಏರಿಸಿಕೊಂಡು ಓದಿ, “ಇದರ ಮ್ಯಾಲ ಡಾಕ್ಟರ್ ಸಹಿ ಇಲ್ಲ,” ಎಂದರು.

ಗಾಯ ಮಾತ್ರ ಯಾರ ಸಹಿಗೂ ಕಾಯುವುದಿಲ್ಲ.