ಫೈಲಿನ ತಳದಲ್ಲಿದ್ದ ದೂರು

ಮೈಸೂರಿನಲ್ಲಿ ವಕೀಲೆಯಾಗಿದ್ದ ನಾನು ಆಸ್ಟ್ರೇಲಿಯಾಕ್ಕೆ ಬಂದು, ಅಡಿಲೇಡ್‌ನಲ್ಲಿ ಮತ್ತೊಮ್ಮೆ ಕಾನೂನು ಓದಿ, ಬ್ರಿಸ್ಬೇನ್‌ನಲ್ಲಿ ಸರ್ಕಾರಿ ವಕೀಲೆಯಾದೆ. ಎರಡು ಸಾವಿರದ ಹತ್ತರ ದಶಕವೆಲ್ಲ ಅದರಲ್ಲೇ ಕಳೆಯಿತು. ನಮ್ಮ ಕನ್ನಡದವರು ಸಿಕ್ಕಾಗಲೆಲ್ಲ ವೀಸಾ ವಿಷಯ ಕೇಳುತ್ತಿದ್ದರು. ಯಾರಾದರೂ ರಾಜ್ಯ ಸರ್ಕಾರದ ಮೇಲೆ ದಾವೆ ಹೂಡಿದರೆ ಸರ್ಕಾರದ ಪರ ನಿಲ್ಲುವುದಷ್ಟೇ ನನ್ನ ಕೆಲಸ ಎಂದ ಕೂಡಲೇ ಅವರ ಆಸಕ್ತಿ ಇಳಿದುಹೋಗುತ್ತಿತ್ತು. ನನಗೂ ಅದೇ ಬೇಕಿತ್ತು.

ಅಲ್ಲಿನ ಸರ್ಕಾರಿ ವಕೀಲರಿಗೆ ಒಂದು ಕಟ್ಟುಪಾಡಿದೆ. ನಮಗೇ ಮುಳುವಾಗುವ ಕಾಗದ ಸಿಕ್ಕರೆ ಅದನ್ನು ನಾವೇ ಎದುರು ಪಕ್ಷಕ್ಕೆ ಕೊಡಬೇಕು. ಮೈಸೂರಿನಲ್ಲಿ ನನ್ನ ಸೀನಿಯರ್ ಕಲಿಸಿದ್ದು ಬೇರೆ: "ಕೇಳಿದ್ದಕ್ಕಷ್ಟೇ ಉತ್ತರ ಕೊಡಮ್ಮ. ಕೇಳ್ಲಿಲ್ವಾ, ನಮಗೆ ಬಾಯೇ ಇಲ್ಲ."

ಸರ್ಕಾರಿ ಶಾಲೆಯೊಂದರಲ್ಲಿ ಕ್ಲೀನರ್ ಆಗಿದ್ದ ಹೆಂಗಸೊಬ್ಬರು ಕಿಟಕಿ ಒರೆಸುವಾಗ ಏಣಿಯಿಂದ ಬಿದ್ದು, ಸೊಂಟ ಮುರಿದುಕೊಂಡು, ಕೆಲಸವನ್ನೂ ಕಳೆದುಕೊಂಡು ಪರಿಹಾರ ಕೇಳಿದ್ದರು. ವಕೀಲರನ್ನು ಇಟ್ಟುಕೊಂಡಿರಲಿಲ್ಲ. ಏಣಿ ಅಲುಗಾಡುತ್ತದೆಂದು ಮೊದಲೇ ಬರೆದುಕೊಟ್ಟಿದ್ದೆ ಎನ್ನುತ್ತಿದ್ದರು, ಆದರೆ ಪ್ರತಿ ಇಟ್ಟುಕೊಂಡಿರಲಿಲ್ಲ. ಅಂಥ ದೂರೇ ಇಲ್ಲವೆಂದು ನಾನು ಎರಡು ಸಲ ಲಿಖಿತ ಉತ್ತರ ಕೊಟ್ಟಿದ್ದೆ. ವಿಚಾರಣೆಗೆ ಹತ್ತು ದಿನವಿರುವಾಗ, ಒಂದು ಶುಕ್ರವಾರ, ಆ ದೂರು ಫೈಲಿನ ತಳದಲ್ಲಿ ಸಿಕ್ಕಿತು. ಓದಿ, ಮತ್ತೆ ತಳಕ್ಕೇ ಸೇರಿಸಿದೆ. ಮುಂದಿನ ವಾರ ನನ್ನ ಬಡ್ತಿಯ ಸಂದರ್ಶನವಿತ್ತು.

ಭಾನುವಾರ ಸನ್ನಿಬ್ಯಾಂಕ್ ಬಡಾವಣೆಯ ಮಾರುಕಟ್ಟೆಯಲ್ಲಿ ತರಕಾರಿ ಆರಿಸುವಾಗ, ಹೆಸರು ಊರು ಹೇಳದೆ, ಗಂಡನ ಮುಂದೆ ವಿಷಯ ತೆಗೆದೆ.

"ಸರ್ಕಾರದ ಸಂಬಳ ತಿಂದು ಸರ್ಕಾರಾನೇ ಸೋಲಿಸ್ತೀಯಾ?" ಎಂದು ನಕ್ಕರು. ಆಮೇಲೆ ಬದನೆಕಾಯಿ ತಿರುಗಿಸಿ ನೋಡುತ್ತ, "ಆ ಪೇಪರ್‌ನಲ್ಲಿ ಏನಿದೆ ಅಂತ ಆಯಮ್ಮಂಗೆ ಗೊತ್ತಾ?" ಎಂದರು.

"ಬರೆದೋರೇ ಅವ್ರು."

"ಮತ್ತೆ ಯಾರಿಂದ ಮುಚ್ಚಿಡ್ತಿದ್ದೀಯ?"

ಸೋಮವಾರ ಕೊಟ್ಟೆ. ಮೂರು ದಿನದ ತಡಕ್ಕೆ "ಫೈಲು ಪರಿಶೀಲನೆಯಲ್ಲಿತ್ತು" ಎಂದು ಬರೆದೆ. ಸಂದರ್ಶನದಲ್ಲಿ ಪ್ರಾಮಾಣಿಕತೆಗೆ ಉದಾಹರಣೆ ಕೇಳಿದಾಗ ಇದನ್ನೇ ಹೇಳಿದೆ. ಅವರು ತಲೆದೂಗಿದರು. ದಾವೆ ಸೋತೆವು, ಬಡ್ತಿ ಸಿಕ್ಕಿತು.

ತೀರ್ಪಿನ ದಿನ ಕೋರ್ಟಿನ ಲಿಫ್ಟಿನಲ್ಲಿ ಆ ಹೆಂಗಸು, ನಾನು ಇಬ್ಬರೇ ಇದ್ದೆವು. ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದ ಆಕೆ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು: "ನನಗೆ ಆ ಕಾಗದ ಕೊಟ್ಟಿದ್ದಕ್ಕೆ ನಿಮ್ಮ ಕೆಲಸಕ್ಕೇನೂ ತೊಂದರೆ ಆಗಲ್ಲ ತಾನೆ?"

ಇಲ್ಲ ಎಂದೆ. ನಾಚಿಕೆಯಿಂದ ಆಕೆಯ ಮುಖ ನೋಡಲಾಗಲಿಲ್ಲ. ಕೆಳಗೆ ಬಂದ ಮೇಲೆ ಲಿಫ್ಟಿನ ಬಾಗಿಲು ಮುಚ್ಚದಂತೆ ಹಿಡಿದುಕೊಂಡೆ. ಆಕೆ ನಿಧಾನವಾಗಿ ಹೊರಗೆ ಹೋಗಿ, ಅದಕ್ಕೂ ಥ್ಯಾಂಕ್ಸ್ ಹೇಳಿದರು.