ಮೆಟ್ಟಿಲು ಹತ್ತದ ಪಂದಿ ಕರಿ

ಹನ್ನೊಂದು ವರ್ಷದ ಹಿಂದೆ ಮಡಿಕೇರಿಯಲ್ಲಿ ಈ ಮಹಡಿ ಮನೆಯನ್ನು ಬಾಡಿಗೆಗೆ ಹಿಡಿಯುವಾಗ ಮನೆಯ ಒಡತಿ, ಕೆಳಗಿನ ಮನೆಯ ಅಕ್ಕ, ನನ್ನಿಂದ ಒಂದೇ ಒಂದು ಮಾತು ತೆಗೆದುಕೊಂಡಿದ್ದರು. "ಮಾಂಸ ಮಾತ್ರ ಮೆಟ್ಟಿಲು ಹತ್ತಬಾರದು. ಇವರು ದೇವಸ್ಥಾನದಲ್ಲಿ ಪೂಜೆ ಮಾಡುವವರು, ನೋಡಿ." ಅವರ ದೇವರ ಕೋಣೆ ಸರಿಯಾಗಿ ನನ್ನ ಅಡುಗೆಮನೆಯ ಕೆಳಗೆ. ಆಗಷ್ಟೇ ಸಂಜೆಯ ದೀಪ ಹಚ್ಚಿದ್ದರು. ಆಯಿತು ಎಂದೆ. ದೀಪದ ಮುಂದೆ ಕೊಟ್ಟ ಮಾತನ್ನು ನಮ್ಮವರು ಮುರಿಯುವುದಿಲ್ಲ. ಬೇಕಾದರೆ ನಮ್ಮ ತಲೆಯನ್ನೇ ಒಡೆದುಕೊಳ್ಳುತ್ತೇವೆ.

ವಾರಾಂತ್ಯಕ್ಕೆ ಬರುವವರು ಕಾರಿನ ಗಾಜು ಇಳಿಸಿ "ಒಳ್ಳೆ ಪಂದಿ ಕರಿ ಎಲ್ಲಿ ಸಿಗುತ್ತೆ?" ಎಂದು ಕೇಳುವ ಊರು ಇದು. ಅದೇ ಊರಿನಲ್ಲಿ ನಾನು ಮನೆ ಹುಡುಕುತ್ತಾ ಮೂರು ಬೀದಿ ಅಲೆದಿದ್ದೆ. ನಮ್ಮ ಹಂದಿಮಾಂಸ ಎಲ್ಲರಿಗೂ ಬೇಕು, ಅದರ ವಾಸನೆ ಮಾತ್ರ ಯಾರಿಗೂ ಬೇಡ. ಹಾಗೆಂದು ನಾನೇನೂ ಸಾಚಾ ಅಲ್ಲ. ನಮ್ಮೂರು ಬಿಟ್ಟಂಗಾಲದಲ್ಲಿ ಅಣ್ಣನ ತೋಟದ ಕೂಲಿಯವರ ಲೈನಿಗೆ ಅಸ್ಸಾಮಿನಿಂದ ಬಂದ ಹೆಂಗಸು ಗದ್ದೆಯ ಬಸವನಹುಳು ಆರಿಸಿ ಸಾರು ಮಾಡುತ್ತಿದ್ದುದನ್ನು ಕಂಡು ನಾನು ಮುಖ ತಿರುಗಿಸಿದ್ದೆ. "ಎಲಾ ಇವಳ! ನಿನ್ನ ಮೂಗಿಗೆ ಯಾವಾಗ ಜನಿವಾರ ಹಾಕಿದ್ದು?" ಎಂದು ಅವ್ವ ಎಲ್ಲರ ಮುಂದೆ ನಕ್ಕಿದ್ದಳು.

ಆಸ್ಪತ್ರೆ ಹತ್ತಿರ ಇರಲಿ ಎಂದು ಅವ್ವ ನನ್ನ ಜೊತೆಗೆ ಬಂದು ಇದ್ದ ಮೇಲೆ ನಾವು ಒಂದು ಉಪಾಯ ಮಾಡಿಕೊಂಡೆವು. ಅಣ್ಣ ಸಂತೆಗೆ ಬಂದಾಗಲೆಲ್ಲ ಮನೆಯಿಂದ ಪಂದಿ ಕರಿಯನ್ನೂ ಅಕ್ಕಿತರಿಯ ಉಂಡೆ ಕಡಂಬಿಟ್ಟನ್ನೂ ಡಬ್ಬಿಯಲ್ಲಿ ತರುತ್ತಿದ್ದ. ಅವ್ವನನ್ನು ಮೆಲ್ಲಗೆ ಕೆಳಗಿಳಿಸಿ ನನ್ನ ಕಾರಿನಲ್ಲಿ ಕೂರಿಸಿ, ಮಂಗಳೂರು ರಸ್ತೆಯ ಒಂದು ತಿರುವಿನಲ್ಲಿ ನಿಲ್ಲಿಸಿಕೊಂಡು ಊಟ ಮಾಡುತ್ತಿದ್ದೆವು. ಚರ್ಮ ಅಂಟಿದ ತುಂಡನ್ನು ಅವ್ವ ಕೊನೆಗೆ ಎತ್ತಿಡುತ್ತಿದ್ದಳು. ಕಾಚಂಪುಳಿಯ ಕಪ್ಪು ಹುಳಿ ಹತ್ತಿದ ಬೆರಳನ್ನು ಒಂದೊಂದಾಗಿ ಚೀಪಿ, "ನಮ್ಮ ಊಟದ ಮನೆಗೆ ನಾಲ್ಕು ಚಕ್ರ" ಎನ್ನುತ್ತಿದ್ದಳು. ಕೈ ತೊಳೆದು, ಎಲೆಅಡಿಕೆ ಹಾಕಿಕೊಂಡು, ಏನೂ ಆಗದವರ ಹಾಗೆ ಮನೆಗೆ ಬರುತ್ತಿದ್ದೆವು. ಕೆಳಗಿನ ಅಕ್ಕನಿಗೆ ಗೊತ್ತಿತ್ತು. "ಗಾಳಿ ಸವಾರಿ ಆಯ್ತಾ ಅಮ್ಮಾ?" ಎಂದು ನಗುತ್ತಿದ್ದರು.

ಹೋದ ವರ್ಷ ಅವ್ವ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಹೃದಯ ಸೋತಿದೆ, ಆಪರೇಷನ್ ತಡೆಯುವುದಿಲ್ಲ, ಅಲುಗಾಡಿಸಬೇಡಿ ಎಂದರು ಡಾಕ್ಟರು. ಇನ್ನು ಪಥ್ಯ ಬೇಡ, ಏನು ಸೇರುತ್ತದೋ ಅದನ್ನು ಕೊಡಿ ಎಂದೂ ಹೇಳಿದರು. ಅದರ ಅರ್ಥ ನನಗೆ ತಿಳಿಯಿತು.

ಅವ್ವನಿಗೆ ಏನೂ ಸೇರುತ್ತಿರಲಿಲ್ಲ. ಅಕ್ಕ ದಿನವೂ ಮೆತ್ತಗೆ ಬೇಯಿಸಿದ ಅನ್ನ, ತಿಳಿಸಾರು ತಂದು ತಾವೇ ಚಮಚದಲ್ಲಿ ತಿನ್ನಿಸುತ್ತಿದ್ದರು. ನಾನು ಕಚೇರಿಗೆ ಹೋದಾಗ ಅವ್ವನ ಮೈ ಒರೆಸಿದ್ದೂ ಉಂಟು. ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಜಗಳ ಆಡಿಯಾದರೂ ಗೆಲ್ಲಬಹುದಿತ್ತು. ಮೈ ಒರೆಸಿದ ಕೈಯ ಜೊತೆ ಏನು ಜಗಳ ಆಡುವುದು?

ಒಂದು ದಿನ ಅವ್ವ ಕೇಳಿಯೇ ಬಿಟ್ಟಳು. "ಕುಂಞಿ, ಒಂದು ತುಂಡು ಪಂದಿ ಕರಿ. ನುಂಗುದಿಲ್ಲ, ನಾಲಿಗೆ ಮೇಲೆ ಇಟ್ಟುಕೊಳ್ತೆ ಅಷ್ಟೇ."

ಅಕ್ಕನನ್ನು ಕೇಳಬೇಕೆಂದು ನಾಲ್ಕು ದಿನ ಮೆಟ್ಟಿಲು ಇಳಿದೆ, ನಾಲ್ಕು ದಿನವೂ ಹಾಲಿನ ಸುದ್ದಿ, ನೀರಿನ ಸುದ್ದಿ ಮಾತಾಡಿ ಹತ್ತಿದೆ. ಅಣ್ಣನಿಗೆ ಫೋನ್ ಮಾಡಿದೆ. "ಒಂದು ಡಬ್ಬಿ ತಾನೇ, ಬ್ಯಾಗಲ್ಲಿ ಹಾಕ್ಕೊಂಡು ಹೋಗು ಮಾರಾಯ್ತಿ. ಯಾರು ಮೂಸಿ ನೋಡ್ತಾರೆ?" ಎಂದ. ಐದನೆಯ ದಿನ ತಂದುಕೊಟ್ಟೂ ಹೋದ. ಕಾರಿನಲ್ಲಿ ಕೂತು, ಮೆತ್ತಗಿನ ಒಂದು ತುಂಡನ್ನು ಕೈಯಲ್ಲೇ ಹಿಸುಕಿ ಸಣ್ಣ ಡಬ್ಬಿಗೆ ಹಾಕಿ ಬ್ಯಾಗಿನಲ್ಲಿಟ್ಟುಕೊಂಡೆ. ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದೆ. ಅಕ್ಕ ಬಾಗಿಲು ತೆರೆದರು. ಕೈಯಲ್ಲಿ ಬಿಸಿ ಪಾಯಸದ ಬಟ್ಟಲು.

"ಅಮ್ಮನಿಗೆ ಅಂತಲೇ ಮಾಡಿದೆ, ತುಪ್ಪ ಜಾಸ್ತಿ ಹಾಕಿ," ಎಂದರು. ಅವರ ಕಣ್ಣು ಕೆಂಪಗಿತ್ತು. ಒಲೆಯ ಹೊಗೆ ಇರಬೇಕು ಎಂದುಕೊಂಡೆ. ಅವರ ಮನೆಯಲ್ಲಿರುವುದು ಗ್ಯಾಸ್ ಎಂಬುದು ಆಗ ಹೊಳೆಯಲಿಲ್ಲ. "ಕಾರಿನಲ್ಲಿ ಏನೋ ಮರೆತೆ" ಎಂದು ಹಿಂದಕ್ಕೆ ಹೋಗಿ ಡಬ್ಬಿಯನ್ನು ಸೀಟಿನ ಮೇಲಿಟ್ಟು ಬಂದೆ. ಪಾಯಸ ಹಿಡಿದುಕೊಂಡು ಮೇಲೆ ಹೋದೆ. ನನ್ನ ಬಗ್ಗೆ ನನಗೆ ಹೇಸಿಗೆಯಾಗುತ್ತಿತ್ತು.

ದಿಂಬು ಸರಿಮಾಡಲು ಬಗ್ಗಿದಾಗ ಅವ್ವ ನನ್ನ ಬಲಗೈ ಹಿಡಿದುಕೊಂಡಳು. ಮೂಗಿನ ಹತ್ತಿರ ತಂದಳು. ಕೈ ತೊಳೆಯುವುದನ್ನು ಮರೆತಿದ್ದೆ. ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.

"ಅಣ್ಣ ಬಂದಿದ್ನಾ?"

"ಹೂಂ."

"ಇರಲಿ ಬಿಡು. ಈಗ ಆಸೆ ಇಲ್ಲ. ಪಾಯಸ ಕೊಡು, ಪಾಪ, ಮಾಡಿದಾರಲ್ಲ."

ಎರಡು ಚಮಚ ತಿಂದಳು. ಆ ವಾರವೇ ತೀರಿಕೊಂಡಳು.

ನಮ್ಮಲ್ಲಿ ವರ್ಷಕ್ಕೊಮ್ಮೆ ಕಾರಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಬಾಳೆಎಲೆಯಲ್ಲಿ ಬಡಿಸಿಡುತ್ತೇವೆ. ಅದಕ್ಕೆ ಮೀದಿ ಎನ್ನುತ್ತೇವೆ. ಈ ಸಲ ಬಿಟ್ಟಂಗಾಲದ ಮನೆಯಲ್ಲಿ ಪಂದಿ ಕರಿಯನ್ನು ನಾನೇ ಮಾಡಿದೆ, ನಾನೇ ಬಡಿಸಿದೆ. ಚರ್ಮ ಅಂಟಿದ ತುಂಡುಗಳನ್ನೇ ಆರಿಸಿ ಹಾಕಿದೆ. ತೂಗುದೀಪದ ಕೆಳಗೆ ಎಲೆ ಇಟ್ಟು, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ನಿಂತೆವು. ತೆರೆದಾಗ ಎಲ್ಲರಿಗಿಂತ ಮುಂಚೆ ನಾನು ಒಳಗೆ ಹೋದೆ. ಐವತ್ತು ದಾಟಿದ ಹೆಂಗಸು, ನಾಚಿಕೆ ಬಿಟ್ಟು ಬಗ್ಗಿ ಎಲೆ ನೋಡಿದೆ. ಹಾಕಿದ್ದು ಹಾಕಿದ ಹಾಗೇ ಇತ್ತು. ಸಾರಿನ ಮೇಲೆ ಕೊಬ್ಬು ಕೆನೆಗಟ್ಟಿತ್ತು.

ಮರುದಿನ ಮಡಿಕೇರಿಗೆ ಬಂದೆ. ಅಕ್ಕ ಮೆಟ್ಟಿಲ ಬಳಿ ಕಾದಿದ್ದರು.

"ನಿಮಗೆ ಹೇಳಲಿಲ್ಲ," ಎಂದರು. "ಆವತ್ತು ಮಧ್ಯಾಹ್ನ ಅಮ್ಮ ನನ್ನ ಹತ್ರ ಕೇಳಿದ್ರು. 'ನನ್ನ ಮಗಳು ಕೇಳಲಾರಳು, ನೀವೇ ಒಂದು ಸಲ ಹೂಂ ಅನ್ನಿ' ಅಂತ ಕೈ ಹಿಡ್ಕೊಂಡ್ರು. ಹೂಂ ಅನ್ನಕ್ಕೆ ಬಾಯಿ ಬರ್ಲಿಲ್ಲ, ಇಲ್ಲ ಅನ್ನಕ್ಕೂ ಬರ್ಲಿಲ್ಲ. ಕೆಳಗೆ ಬಂದು ಪಾಯಸ ಮಾಡಿದೆ."

ನಾನು ಕಂಬಿ ಹಿಡಿದು ನಿಂತೆ. ಅವ್ವ ಎಲ್ಲ ತಿಳಿದೇ ಆ ಎರಡು ಚಮಚ ತಿಂದಿದ್ದಳು.

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ತಗ್ಗಿದ ದನಿಯಲ್ಲಿ ಕೇಳಿದರು: "ನಿನ್ನೆ ಅವರಿಗೆ ಅದನ್ನು ಇಟ್ರಾ?"

"ಇಟ್ಟೆ ಅಕ್ಕ."

"ತಿಂದ್ರಾ?"

"ತಿಂದ್ರು," ಎಂದೆ.