ಕ್ಯಾನ್ ಲಿಫ್ಟಿನಲ್ಲಿ, ನಾವು ಮೆಟ್ಟಿಲಲ್ಲಿ

ಮೇಡಂ ಅವರ ಬಲಗೈಯ ಮೂರು ಬೆರಳುಗಳ ತುದಿ ಮೇಣ ಸವರಿದಂತೆ ಹೊಳೆಯುತ್ತಿತ್ತು. ಅಲ್ಲಿ ಗೆರೆಗಳಿರಲಿಲ್ಲ, ಮುಟ್ಟಿದ್ದೂ ತಿಳಿಯುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ನಾವೆಲ್ಲ ದುಪಟ್ಟಾದ ಅಂಚಿನಿಂದ ಹಿಡಿಯುತ್ತಿದ್ದ ಕಾಫಿ ಲೋಟವನ್ನು ಅವರು ಬರಿಗೈಯಲ್ಲೇ ಎತ್ತಿ ಕುಡಿಯುತ್ತಿದ್ದರು. ಹೊಸಬರು ಕಣ್ಣರಳಿಸಿದರೆ, "ಹೋಟ್ಲಿನವ್ರ ಮಗಳಲ್ದಾ, ಅಭ್ಯಾಸ" ಎನ್ನುತ್ತಿದ್ದರು. ನಿಜವಾಗಿ, ಓದುವ ದಿನಗಳಲ್ಲಿ ದ್ರವರೂಪದ ನೈಟ್ರೋಜನ್ ಚೆಲ್ಲಿ ಆ ಬೆರಳುಗಳು ಸುಟ್ಟಿದ್ದವು. ಅದು ನೀರಿನಂತೆ ಕಾಣುತ್ತದೆ, ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗಿರುತ್ತದೆ, ಬೆಂಕಿಯಂತೆ ಸುಡುತ್ತದೆ.

ಚೆನ್ನೈನ ಅಡ್ಯಾರಿನಲ್ಲಿರುವ ನಮ್ಮ ಪ್ರಯೋಗಾಲಯಕ್ಕೆ ಅವರು ಮುಖ್ಯಸ್ಥರು. ನಾನು ಸಂಶೋಧನಾ ಸಹಾಯಕಿ. ಎಲ್ಲರಿಗೂ ಅವರು ಮೇಡಂ. ಅವರ ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದು ಇದೇ ಅಡ್ಯಾರಿನಲ್ಲಿ ಹೋಟೆಲು ನಡೆಸಿದವರು. ನಮ್ಮಪ್ಪ ಬ್ಯಾಂಕಿನ ಕೆಲಸಕ್ಕೆಂದು ಧಾರವಾಡದಿಂದ ಬಂದವರು. ನಾನು ಕನ್ನಡದವಳೆಂದು ತಿಳಿದ ದಿನವೇ ಮೇಡಂ, "ಎಂತ ಹೆಣೆ, ಇಷ್ಟ್ ದಿನ ನನ್ ಹತ್ರ ತಮಿಳಂಗೆ ಮಾತಾಡ್ದ್ಯಾ?" ಎಂದು ಬೈದರು. ಆಮೇಲೆ ಅವರು ಕುಂದಾಪುರದ ಕನ್ನಡದಲ್ಲಿ ಕೇಳುವುದು, ನಾನು ಅರ್ಧ ತಮಿಳಿನಲ್ಲಿ ಉತ್ತರಿಸುವುದು, ಹಾಗೇ ನಡೆಯಿತು.

ನಮ್ಮದು ಎಚ್‌ಐವಿಯನ್ನು ಪೂರ್ತಿ ಗುಣಪಡಿಸುವ ದಾರಿ ಹುಡುಕುವ ಕೆಲಸ. ಈಗ ಮಾತ್ರೆಗಳಿವೆ, ತೆಗೆದುಕೊಂಡವರು ಚೆನ್ನಾಗಿ ಬದುಕುತ್ತಾರೆ. ನಿಲ್ಲಿಸಿದರೆ ವೈರಸ್ ಮರಳುತ್ತದೆ, ಏಕೆಂದರೆ ಕೆಲವು ಜೀವಕೋಶಗಳೊಳಗೆ ಅದು ಮಲಗಿರುತ್ತದೆ. ಮಲಗಿದ್ದನ್ನು ಹುಡುಕಲು ರೋಗಿಗಳು ಗಂಟೆಗಟ್ಟಲೆ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಕುಳಿತು ಕೊಟ್ಟ ಜೀವಕೋಶಗಳು ಬೇಕು. ಅವು ಕೆಡದಿರಲು ನೈಟ್ರೋಜನ್ ಬೇಕು. ನಮ್ಮಲ್ಲಿ ಒಂದಷ್ಟು ಮಾದರಿಗಳಿದ್ದವು, ಪೆರುಂಗುಡಿಯ ಇನ್ನೊಂದು ಪ್ರಯೋಗಾಲಯದಲ್ಲಿ ಒಂದಷ್ಟು. ಒಬ್ಬರ ದಾಸ್ತಾನಿನಿಂದ ಏನನ್ನೂ ಖಚಿತವಾಗಿ ಹೇಳುವಂತಿರಲಿಲ್ಲ. ಹಣ ಕೊಡಲು ಮುಂದೆ ಬಂದ ವಿದೇಶದ ಪ್ರತಿಷ್ಠಾನ ಒಂದೇ ಮಾತು ಹೇಳಿತು: ಇಬ್ಬರೂ ಮಾದರಿ ಹಂಚಿಕೊಂಡು ಕೂಡಿ ಕೆಲಸ ಮಾಡಿದರೆ ಹಣ, ಇಲ್ಲವಾದರೆ ಇಲ್ಲ. ನಮ್ಮ ಹಳೆಯ ಅನುದಾನ ಮುಗಿಯುತ್ತ ಬಂದಿತ್ತು. ಇದು ಬಾರದಿದ್ದರೆ ಕೆಲಸ ನಿಲ್ಲುತ್ತಿತ್ತು.

ಪೆರುಂಗುಡಿಯ ಸರ್ ಮತ್ತು ಮೇಡಂ ಸಭೆಗಳಲ್ಲಿ ಎದುರುಬದುರು ಮೂಲೆಗಳಲ್ಲಿ ಕೂರುವವರು. ಒಂದು ದಿನ ಮೇಡಂ ಅವರನ್ನು ಊಟಕ್ಕೆ ಕರೆದು, ಮೊಸರನ್ನ ಬಡಿಸುವಾಗ ಕೇಳಿದರು, "ಪಕ್ಕದ ಮನೆಗೆ ಹೆಪ್ಪು ಕೊಟ್ಟರೆ ನಮ್ಮ ಮೊಸರು ಕಡಿಮೆಯಾಗುತ್ತದೆಯೇ ಸರ್?"

ಅವರು ತಲೆಯೆತ್ತದೆ, "ಇದು ಮೊಸರಲ್ಲ ಮೇಡಂ. ಕೊಟ್ಟರೆ ಖಾಲಿಯಾಗುತ್ತದೆ" ಎಂದರು.

"ಹೌದು. ಅದಕ್ಕೇ ಮೊದಲು ನಾನು ಕೊಡುತ್ತೇನೆ."

ಹಾಗೆ, ಪ್ರತಿಷ್ಠಾನದ ಅತಿಥಿ ಬರುವ ದಿನ ಮೂರನೇ ಮಹಡಿಯಲ್ಲಿ ಅವರೆದುರೇ ನಮ್ಮ ಮಾದರಿಗಳ ಅರ್ಧವನ್ನು ಪೆರುಂಗುಡಿಯವರಿಗೆ ಒಪ್ಪಿಸುವುದೆಂದಾಯಿತು.

ಮೇಡಂ ಅವರದೊಂದು ನಿಯಮವಿತ್ತು. ನೈಟ್ರೋಜನ್ ಕ್ಯಾನ್ ಮೇಲಿನ ಮಹಡಿಗೆ ಹೋಗಬೇಕಾದರೆ ಅದನ್ನು ಲಿಫ್ಟಿನೊಳಗೆ ತಳ್ಳಿ, ಗುಂಡಿ ಒತ್ತಿ, ಯಾರೂ ಹತ್ತದಂತೆ ಬಾಗಿಲಿಗೆ ಅಡ್ಡಲಾಗಿ ಸರಪಳಿ ಸಿಕ್ಕಿಸಿ ನಾವು ಹೊರಗೆ ಬರಬೇಕು. "ಕ್ಯಾನ್ ಲಿಫ್ಟಂಗೆ, ನಾವ್ ಮೆಟ್ಲಂಗೆ." ಮುಚ್ಚಿದ ಜಾಗದಲ್ಲಿ ಆ ದ್ರವ ಆವಿಯಾಗಿ ತುಂಬಿದರೆ ಉಸಿರಾಡುವ ಗಾಳಿಯನ್ನೇ ಹೊರದಬ್ಬುತ್ತದೆ. ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ. ಮನುಷ್ಯ ಸುಮ್ಮನೆ ಕುಸಿಯುತ್ತಾನೆ.

ಅಂದು ಸರಪಳಿ ಇರಲಿಲ್ಲ. ದೊಡ್ಡವರು ಬರುವಾಗ ಅದು ಚೆನ್ನಾಗಿ ಕಾಣುವುದಿಲ್ಲವೆಂದು ಕಚೇರಿಯ ಮ್ಯಾನೇಜರು ಬೆಳಗ್ಗೆಯೇ ಬಿಚ್ಚಿಸಿದ್ದರು. ಕೊಡಬೇಕಿದ್ದ ಮಾದರಿಗಳನ್ನು ಇಳಿಸಿದ್ದ ಕ್ಯಾನಿನ ಗಾಡಿಯನ್ನು ನಾನು ಲಿಫ್ಟಿನೊಳಗೆ ತಳ್ಳಿ ಮೂರನೇ ಮಹಡಿಯ ಗುಂಡಿ ಒತ್ತಿ ತಿರುಗುವಷ್ಟರಲ್ಲಿ ಅತಿಥಿ ಒಳಗೆ ಬಂದು ನಿಂತಿದ್ದರು. ಎತ್ತರದ ಮನುಷ್ಯ, ನೀಲಿ ಟೈ. ಹೊರಗಿನಿಂದ ಮ್ಯಾನೇಜರು ನಗುತ್ತ, "ಸಾರ್‌ಗೆ ಮೊಣಕಾಲು ನೋವಮ್ಮ, ಜೊತೆಗೆ ಹೋಗು" ಎಂದರು. ನಾನು ನಿಂತೆ. ಕ್ಯಾನಿನ ಹೊರಮೈಗೆ ಬಿಳಿ ಹಿಮ ಹತ್ತಿದ್ದನ್ನು ಆಗ ಕಂಡೆ. ಕ್ಯಾನ್ ಸರಿಯಿದ್ದರೆ ಹೊರಮೈ ಒಣಗಿರಬೇಕು; ಹಿಮ ಹತ್ತಿದರೆ ಒಳಗಿನದು ಆವಿಯಾಗಿ ಹೊರಬರುತ್ತಿದೆ ಎಂದರ್ಥ.

ಮೆಟ್ಟಿಲ ಬಳಿ ನಿಂತಿದ್ದ ಮೇಡಂ ಕೂಡ ಅದನ್ನು ಕಂಡರು. "ವೆಳಿಯೆ ವಾ! ವೆಳಿಯೆ!" ಹೊರಗೆ ಬಾ ಎಂದು ತಮಿಳಿನಲ್ಲಿ ಕೂಗಿದ್ದು ಕೇಳಿಸಿತು. ಮುಚ್ಚುತ್ತಿದ್ದ ಬಾಗಿಲ ನಡುವೆ ಎರಡು ಕೈಗಳು ಬಂದವು. ಒಂದಕ್ಕೆ ನನ್ನ ಕೊರಳಿನ ಗುರುತುಪಟ್ಟಿ ಸಿಕ್ಕಿತು, ಇನ್ನೊಂದಕ್ಕೆ ಅತಿಥಿಯ ಟೈ. ಇಬ್ಬರೂ ಹೊರಗೆ, ನೆಲದ ಮೇಲೆ ಬಿದ್ದೆವು. ಹಿಂದೆ ಬಾಗಿಲು ಮುಚ್ಚಿತು, ಲಿಫ್ಟ್ ಮೇಲಕ್ಕೆ ಹೊರಟಿತು. ಎರಡನೇ ಮಹಡಿ ದಾಟುವ ಮೊದಲೇ ಕರೆಂಟು ಹೋಗಿ ನಡುವೆಯೇ ನಿಂತಿತು.

ಅತಿಥಿಯ ಮುಖ ಕೆಂಪಾಗಿತ್ತು. ಮ್ಯಾನೇಜರು ಕೈ ಹಿಸುಕಿಕೊಳ್ಳುತ್ತ, "ಮೇಡಂ, ಟೈ ಹಿಡಿದು ಎಳೆಯೋದಾ? ದುಡ್ಡು ಕೊಡುವವರು!" ಎನ್ನುತ್ತಿದ್ದರು. ಮೇಲಿನ ಬಾಗಿಲ ಸಂದಿಯಿಂದ ಬಿಳಿ ಮಂಜು ಮೆಟ್ಟಿಲಿಳಿದು ಬರುತ್ತಿತ್ತು. ಅತಿಥಿ ಅದನ್ನೇ ನೋಡುತ್ತ ಟೈ ಸಡಿಲಿಸಿಕೊಂಡು ಗೋಡೆಗೊರಗಿ ಕುಳಿತರು. ಮೇಡಂ ಎಲ್ಲರನ್ನೂ ಅಂಗಳಕ್ಕೆ ಕಳಿಸಿದರು.

ಲಿಫ್ಟ್ ಬಿಡಿಸುವಾಗ ಮಧ್ಯಾಹ್ನ ಕಳೆದಿತ್ತು. ಕ್ಯಾನ್ ಬರಿದಾಗಿತ್ತು. ಮಾದರಿಗಳು ಕರಗಿ ಕೆಟ್ಟಿದ್ದವು. ನಾನು ಅಳುತ್ತ, "ಮೇಡಂ, ಇನ್ನು ದುಡ್ಡು ಬರಲ್ಲ" ಎಂದೆ. ಅವರು ಆ ನುಣುಪು ಬೆರಳುಗಳನ್ನು ನನ್ನ ಕತ್ತಿನ ಗೀರಿನ ಮೇಲಿಟ್ಟರು. "ದುಡ್ಡ್ ಹೋರೆ ಹೋಯ್ಲಿ. ನೀ ಉಳ್ಕಂಡ್ಯಲ್ದಾ."

ಸಂಜೆ ಅವರೊಬ್ಬರೇ ಕ್ರೋಂಪೇಟೆಗೆ ಹೋದರು. ಜೀವಕೋಶ ಕೊಟ್ಟವರಲ್ಲಿ ಒಬ್ಬಾಕೆ ಅಲ್ಲಿ ಚರ್ಮದ ಚೀಲ ಹೊಲಿಯುವವಳು. ಕೊಟ್ಟದ್ದು ಹಾಳಾಯಿತೆಂದು ಅವಳಿಗೆ ತಾವೇ ಹೇಳಬೇಕೆಂದರು. ಉಳಿದವರ ಮನೆಗಳಿಗೂ ಆ ವಾರವೆಲ್ಲ ತಾವೇ ಹೋದರು.

ಮರುದಿನ ಬೆಳಗ್ಗೆ ಅತಿಥಿ ವಿದಾಯ ಹೇಳಲು ಬಂದರು, ಟೈ ಇಲ್ಲದೆ. ಮೇಡಂ ಎದುರಾದೊಡನೆ ಅತಿಥಿ ಕತ್ತು ಮುಟ್ಟಿಕೊಂಡು ಸಣ್ಣಗೆ ನಕ್ಕರು. ಅಷ್ಟರಲ್ಲಿ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಪೆರುಂಗುಡಿಯ ಸರ್. ಅವರು ಮೇಲೆ ಬಂದು ನಿಲ್ಲುವುದಕ್ಕೂ ಲಿಫ್ಟಿನ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಒಳಗೆ ಸರಪಳಿಯ ಹಿಂದೆ ಅವರ ಪ್ರಯೋಗಾಲಯದ ಕ್ಯಾನ್ ಇತ್ತು. ತಮ್ಮ ದಾಸ್ತಾನಿನ ಅರ್ಧ ತಂದಿದ್ದರು. ತಮಿಳಿನಲ್ಲಿ ಹೆಪ್ಪಿಗೆ ಉರೈ ಎನ್ನುತ್ತಾರೆ, ತಗೊಳ್ಳಿ ಎನ್ನುವುದಕ್ಕೆ ಇಂದಾಂಗ.

"ಇಂದಾಂಗ ಮೇಡಂ," ಎಂದರು ಬೆವರು ಒರೆಸಿಕೊಳ್ಳುತ್ತ, "ಉರೈ."

ಮೇಡಂ ಕಾಫಿ ತರಿಸಿದರು.

ಕೆಲವು ತಿಂಗಳ ಮೇಲೆ ಹಣ ಬಂತು. ಎರಡು ಪ್ರಯೋಗಾಲಯಗಳ ಕೂಡುಕೆಲಸ ಇಂದಿಗೂ ನಡೆದಿದೆ. ರೋಗ ಗುಣಪಡಿಸುವ ದಾರಿ ಸಿಕ್ಕಿಲ್ಲ. ನನಗೆ ಈಗಲೂ ಕನಸಿನಲ್ಲಿ ಆ ಬಾಗಿಲು ಮುಚ್ಚುವ ಸದ್ದು ಕೇಳಿಸುತ್ತದೆ, ಕೆಲವು ಸಲ ಕೈಗಳು ಬರುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಮೆಟ್ಟಿಲಲ್ಲೇ ಹತ್ತಿಳಿಯುವುದನ್ನು ನೋಡಿ ನೆರೆಯವರು ವ್ಯಾಯಾಮ ಎಂದುಕೊಂಡಿದ್ದಾರೆ.

ಮೇಡಂ ಹೋದ ವರ್ಷ ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಬೆಸೆಂಟ್ ನಗರದ ಸ್ಮಶಾನದಿಂದ ಬಂದ ಮರುದಿನ ಮೂರನೇ ಮಹಡಿಗೆ ನೈಟ್ರೋಜನ್ ಬೇಕಾಗಿತ್ತು. ಕ್ಯಾನಿನ ಹೊರಮೈಯನ್ನು ಕೈಯಾಡಿಸಿ ನೋಡಿದೆ, ಒಣಗಿತ್ತು. ಲಿಫ್ಟಿನೊಳಗೆ ತಳ್ಳಿ, ಗುಂಡಿ ಒತ್ತಿ, ಸರಪಳಿ ಸಿಕ್ಕಿಸಿದೆ. ಹೊಸದಾಗಿ ಸೇರಿದ ಹುಡುಗಿ ಲಿಫ್ಟಿನತ್ತ ಹೆಜ್ಜೆಯಿಟ್ಟಳು. ನನಗೆ ತಿಳಿಯುವ ಮೊದಲೇ ನನ್ನ ಕೈ ಅವಳ ಗುರುತುಪಟ್ಟಿಯನ್ನು ಹಿಡಿದಿತ್ತು.